ತೊಂಬತ್ತೊಂಬತ್ತು ಕುರಿ ಯಾರ ಹತ್ತಿರ ಬಿಟ್ಟ?

ನಾನು ಬಿಟ್ಟ ಕೆಲಸಕ್ಕೆ ಈಗ ಬಂದಿರುವ ಹುಡುಗಿಯ ಹೆಸರು ಸ್ನೇಹಲ್. ಮಹಾರಾಷ್ಟ್ರದ ಗಡಿಯೂರು ಮಿರಜಿನಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ಅಜ್ಜಿ ಕನ್ನಡ ಮಾತಾಡಿದರೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ ಬರುತ್ತದೆ. ಮೊದಲ ವಾರ ಮುಗಿಸಿ ನಮ್ಮ ಮನೆಗೆ ಬಂದವಳು ಚಹಾದ ಕಪ್ಪು ಹಿಡಿದುಕೊಂಡೇ, ಅರೆಬರೆ ಕನ್ನಡದಲ್ಲಿ, ನನ್ನನ್ನು ಚಿಕ್ಕಮ್ಮ ಮಾಡಿಕೊಂಡು ಕೇಳಿದಳು: "ಮಾವಶಿ, ಹಾಸಿಗಿ ಹತ್ರ ಹೋಗಿ ನಿಂತ ಮ್ಯಾಲ ಪಹಿಲಾ ಮಾತ ಏನ ಆಡೂದ್ರಿ?"

ಮೂವತ್ತೊಂದು ವರ್ಷ ಮಾಡಿದ ಕೆಲಸ. ಹೇಳಲು ಹೋದರೆ ಒಂದು ವಾಕ್ಯವೂ ನೆಟ್ಟಗೆ ಬರಲಿಲ್ಲ. ಬರೆದು ಕೊಡುತ್ತೇನೆ ಎಂದೆ. ಅವಳಿಗೆಂದು ಶುರು ಮಾಡಿದ್ದು ಅವಳಂಥ ಬೇರೆಯವರಿಗೂ ಉಪಯೋಗ ಆದರೆ ಆಗಲಿ.

ಮಿರಜಿನ ಒಂದು ಕ್ರೈಸ್ತ ಆಸ್ಪತ್ರೆಯಲ್ಲಿ ನನ್ನ ಕೆಲಸವಿತ್ತು. ಈ ಊರಲ್ಲಿ ಕಲ್ಲು ಎಸೆದರೆ ಆಸ್ಪತ್ರೆಗೇ ಬೀಳುತ್ತದೆ, ಆದ್ದರಿಂದ ಯಾವುದು ಎಂದು ಹೇಳುವ ಅಗತ್ಯವಿಲ್ಲ. ಕಾಗದದಲ್ಲಿ ನನ್ನ ಹುದ್ದೆ ಮೂರು ಸಲ ಹೆಸರು ಬದಲಿಸಿತು. ಮೊದಲು ಪ್ರಾರ್ಥನಾ ಸೇವಕಿ, ನಂತರ ರೋಗಿ ಸಂದರ್ಶಕಿ, ನಿವೃತ್ತಿಯ ಹೊತ್ತಿಗೆ ಕೌನ್ಸೆಲರ್. ರೋಗಿಗಳು ಮಾತ್ರ ಮೊದಲಿನಿಂದ ಕೊನೆಯವರೆಗೆ ಒಂದೇ ಹೆಸರು ಇಟ್ಟುಕೊಂಡಿದ್ದರು: ಪ್ರಾರ್ಥನಿ ಬಾಯಿ. ಹಾಸಿಗೆಯಿಂದ ಹಾಸಿಗೆಗೆ ಹೋಗಿ ಹೇಗಿದ್ದೀರಿ ಎಂದು ಕೇಳುವುದು, ಅವರಿಗಾಗಿ ಪ್ರಾರ್ಥಿಸುವುದು, ಯೇಸುವಿನ ಕಥೆ ಹೇಳುವುದು, ಆಪರೇಶನ್ನಿಗೆ ಒಯ್ಯುವಾಗ ಬಾಗಿಲ ತನಕ ಸ್ಟ್ರೆಚರಿನ ಪಕ್ಕ ನಡೆಯುವುದು. ಹೊರಗಿನಿಂದ ನೋಡಿದವರಿಗೆ ಇದು ಕೆಲಸವೇ ಅಲ್ಲ ಅನ್ನಿಸುತ್ತಿತ್ತು.

ನನಗೆ ಕೆಲಸ ಸಿಕ್ಕಿದ್ದು ಭಕ್ತಿಯಿಂದಲ್ಲ, ಕನ್ನಡದಿಂದ. ಗಡಿಯಾಚೆ ಕರ್ನಾಟಕದಿಂದ ರೈಲು ಹಿಡಿದು, ಬಸ್ಸು ಹಿಡಿದು ಬರುವ ರೋಗಿಗಳು ಕನ್ನಡ ಬಿಟ್ಟು ಬೇರೆ ಅರಿಯರು. ಡಾಕ್ಟರು ಮರಾಠಿ ಬಿಟ್ಟರೆ ಇಂಗ್ಲಿಷು. ನಡುವೆ ನಾನು. "ಜೀವ ಹೊಯ್ದಾಡತೈತ್ರಿ" ಎಂದು ಒಬ್ಬ ಮುದುಕ ಹೇಳಿದ. "ಎಲ್ಲಿ?" ಎಂದು ಎಳೆಯ ಡಾಕ್ಟರು ಕೇಳಿದರು. ಜೀವ ಎಲ್ಲಿದೆ ಎಂದು ನಾನೇನು ಹೇಳಲಿ? ಎದೆಯ ಮೇಲೆ ಕೈ ಇಟ್ಟು ತೋರಿಸಿದೆ. ಅವರು ಇಸಿಜಿ ಬರೆದರು. ಮುದುಕನಿಗೆ ನಿಜವಾಗಿಯೂ ಹೃದಯದ ತೊಂದರೆ ಇತ್ತು, ನನ್ನ ಮರ್ಯಾದೆ ಉಳಿಯಿತು.

ಈಗ ಒಂದು ಗುಟ್ಟು ಹೇಳಬೇಕು. ಅದನ್ನು ಬಿಟ್ಟು ಮುಂದಿನದು ಬರೆದರೆ ಸುಳ್ಳಾಗುತ್ತದೆ. ನಾನು ಹುಟ್ಟು ಕ್ರೈಸ್ತಳು. ತಂದೆ ಗಡಿಯ ಹಳ್ಳಿಯೊಂದರಲ್ಲಿ ಶಾಲಾ ಮಾಸ್ತರರು. ಉಣ್ಣುವ ಮೊದಲು ಪ್ರಾರ್ಥನೆ, ಮಲಗುವ ಮೊದಲು ಪ್ರಾರ್ಥನೆ. ನಂಬಿಕೆ ನಮ್ಮ ಮನೆಯ ನೀರಿನ ಹಂಡೆ ಇದ್ದಂತೆ ಇತ್ತು, ಅದನ್ನು ಯಾರು ತುಂಬುತ್ತಾರೆ ಎಂದು ನಾನು ಎಂದೂ ಕೇಳಿರಲಿಲ್ಲ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಹಂಡೆ ಬರಿದಾಗಿದೆ ಎಂದು ಗೊತ್ತಾಯಿತು. ದಿನಕ್ಕೆ ನಲವತ್ತು ಹಾಸಿಗೆಗಳ ಹತ್ತಿರ ನಿಂತು ಪ್ರಾರ್ಥಿಸುತ್ತಿದ್ದೆ. ಮನೆಗೆ ಬಂದು ನನಗಾಗಿ ಮೊಣಕಾಲೂರಿದರೆ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೆಲಸ ಹೋದೀತು ಎಂಬ ಭಯ ಒಂದು, ಹೇಳಿದ ಮೇಲೆ ಅದು ನಿಜವೇ ಆಗಿಬಿಡುತ್ತದೆ ಎಂಬ ಭಯ ಇನ್ನೊಂದು.

ಆ ಬರಿದನ್ನು ನನಗೆ ಮೊದಲು ತೋರಿಸಿದವರು ಸಮಡೋಳಿಯ ಒಬ್ಬ ಜೈನರ ಅಜ್ಜಿ. ತೊಡೆಯ ಎಲುಬು ಮುರಿದು ಬಂದಿದ್ದರು. ಹಸನ್ಮುಖಿ, ಕಡಿಮೆ ಮಾತು. ಆಗ ವಾರ್ಡಿನ ಸಂಜೆಯ ಪ್ರಾರ್ಥನೆ ಐದೂವರೆಗೆ ಶುರುವಾಗುತ್ತಿತ್ತು. ನಾನು ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸುತ್ತಿದ್ದೆ. ಹುರುಪಿನಲ್ಲಿ ಡಾಕ್ಟರು, ಸಿಸ್ಟರು, ಅಡಿಗೆಯವರು, ದೇಶದ ಗಡಿಯ ಸೈನಿಕರು, ಯಾರನ್ನೂ ಬಿಡುತ್ತಿರಲಿಲ್ಲ. ನಾಲ್ಕನೆಯ ದಿನ ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಕಮಲಾ ನನ್ನನ್ನು ಕರೆದರು. ಮಾಧವನಗರದ ಗಿರಣಿ ಕೆಲಸಗಾರನ ಮಗಳು, ಪಾಳಿಗೆ ಕೂಗುವ ಗಿರಣಿಯ ಭೋಂಗಾದ ಹಾಗೆ ಗಂಟಲು.

"ಶಾಂತಾಬಾಯಿ, ಜರಾ ಇಕಡೆ ಬರ್ರಿ. ಈ ಅಜ್ಜಿ ಮೂರು ದಿನಾ ಆತು ಸಂಜೀಕ ಉಂಡಿಲ್ಲ. ಡಬ್ಬಿ ಬಂದದ್ದು ಹಂಗ ವಾಪಸ್ ಹೋಗತೈತಿ. ಯಾಕ ಅಂತ ಕೇಳ್ರಿ."

ಕೇಳಿದೆ. ಅಜ್ಜಿ ನಾಚಿಕೊಂಡರು. "ಹೊತ್ತ ಮುಳಗಿದ ಮ್ಯಾಲ ನಾವು ಉಣ್ಣೂದಿಲ್ಲರಿ. ಡಬ್ಬಿ ಬರೂದು ಐದೂವರಿಗಿ. ನೀವು ಕಣ್ಣ ಮುಚ್ಚಿ ದೇವ್ರ ಹತ್ರ ಮಾತಾಡಾಕತ್ತಿರ್ತೀರಿ. ನಾ ಬಗಲಾಗ ಕುಂತು ತಾಟ ಸಪ್ಪಳಾ ಮಾಡ್ಕೋತ ಉಣ್ಣಲ್ಯಾ? ಬರೋಬರಿ ಅಲ್ಲ ಅಂತ ಕುಂತ್ನಿ."

"ಮೂರು ದಿನಾ ಯಾಕ ಹೇಳಲಿಲ್ಲ ಅಜ್ಜೀ?"

"ಇವತ್ತರ ಲಗೂನ ಮುಗೀಬಹುದು ಅಂತ ದಾರಿ ನೋಡಿದ್ನಿ. ನಿಮ್ದು ಮುಗೀಲೇ ಇಲ್ಲ."

ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತದೆ. ಎಲುಬು ಕೂಡಬೇಕಾದ ಮುದುಕಿಯನ್ನು ನಾನು ಪ್ರಾರ್ಥನೆ ಮಾಡಿ ಮಾಡಿ ಉಪವಾಸ ಕೆಡವಿದ್ದೆ. ನೆಲ ಬಾಯಿಬಿಡಬಾರದೇ ಅನ್ನಿಸಿತು. ಮರುದಿನದಿಂದ ಪ್ರಾರ್ಥನೆ ಮಧ್ಯಾಹ್ನಕ್ಕೆ ಹೋಯಿತು, ಗಡಿಯ ಸೈನಿಕರನ್ನು ಕೈಬಿಟ್ಟು ಐದು ನಿಮಿಷಕ್ಕೆ ಇಳಿಯಿತು. ಅಜ್ಜಿ ಬಿಡುಗಡೆಯಾಗುವ ಮುಂಚೆ ನಗುತ್ತಾ ಒಂದು ಮಾತು ಹೇಳಿದರು: "ನಿಮ್ಮ ದೇವ್ರಿಗಿ ಮಾತಾಡಾಕ ನೀವು ಪಾಳಿನ ಕೊಡೂದಿಲ್ಲಲಾ!"

ಅವರು ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಸುಮ್ಮನೆ ಇರುತ್ತಿದ್ದರು. ಏನಿರಬಹುದು ಎಂಬ ಕುತೂಹಲಕ್ಕೆ ಒಂದು ದಿನ ನಾನೂ ಪಕ್ಕದ ಸ್ಟೂಲಿನ ಮೇಲೆ ಹಾಗೆಯೇ ಕುಳಿತೆ. ಐದು ನಿಮಿಷಕ್ಕೆ ಎದ್ದುಬಿಟ್ಟೆ. ಮಾತು ನಿಂತ ಕೂಡಲೇ ಒಳಗೆ ಏನೂ ಇಲ್ಲ ಎಂದು ಕೇಳಿಸಿತು. ಹೆದರಿಕೆಯಾಯಿತು.

ಮಾಯವ್ವ ಬಂದಿದ್ದು ಅದಾದ ಕೆಲವು ವರ್ಷಗಳಿಗೆ. ಗಡಿಯಾಚೆಯ ಹಳ್ಳಿಯ ಕುರುಬರ ಹೆಂಗಸು, ಐವತ್ತು ದಾಟಿತ್ತು. ದೀಪಾವಳಿ ಮುಗಿಸಿ, ಗಂಡ ಸಿದ್ದಪ್ಪನ ಜೊತೆ ಕುರಿ ಹೊಡೆದುಕೊಂಡು ಕೃಷ್ಣೆಯ ದಂಡೆಯ ಕಡೆ ಬಂದಿದ್ದಾಗ ರಕ್ತ ಹೋಗಲು ಶುರುವಾಗಿತ್ತು. ಗರ್ಭಚೀಲದಲ್ಲಿ ಗಡ್ಡೆ. ಸಿದ್ದಪ್ಪ ಟೆಂಪೋದಲ್ಲಿ ತಂದು ಸೇರಿಸಿ, ಅವಳ ನಾದಿನಿಯನ್ನು ಜೊತೆಗೆ ಬಿಟ್ಟು, ಬಂದ ಕಾಲಲ್ಲೇ ಹಿಂಡಿನ ಹತ್ತಿರ ಓಡಿದ. ಈಯುವ ಕಾಲ, ದಿನಾ ಮರಿಗಳು ಹುಟ್ಟುತ್ತಿದ್ದವು.

ಆಪರೇಶನ್ ಬೇಗ ಆಗಬೇಕಿತ್ತು. ಮಾಯವ್ವ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಸಿದ್ಧಳಿರಲಿಲ್ಲ. ಕಾರಣ ಕೇಳಿದರೆ ಗೋಡೆಯ ಕಡೆ ಹೊರಳುತ್ತಿದ್ದಳು. "ನೀವು ಹೇಳಿ ನೋಡ್ರಿ" ಎಂದು ಸಿಸ್ಟರ್ ಕಮಲಾ ನನ್ನನ್ನು ಕಳಿಸಿದರು. ಧೈರ್ಯ ತುಂಬುವ ಕಥೆ ಹೇಳೋಣ ಎಂದು ನಾನು ನನ್ನ ಹಲಗೆ ಎತ್ತಿಕೊಂಡು ಹೋದೆ.

ಈಗಿನವರು ಆ ಹಲಗೆ ನೋಡಿರಲಾರರು. ಮರದ ಹಲಗೆಗೆ ಫ್ಲಾನೆಲ್ ಬಟ್ಟೆ ಹೊದಿಸಿರುತ್ತಿತ್ತು. ಬೆನ್ನಿಗೆ ಅದೇ ಬಟ್ಟೆಯ ತುಂಡು ಹಚ್ಚಿದ ಕಾಗದದ ಚಿತ್ರಗಳನ್ನು ಅದರ ಮೇಲೆ ಒತ್ತಿದರೆ ಅಂಟಿ ನಿಲ್ಲುತ್ತಿದ್ದವು. ಚಿತ್ರ ಒಂದೊಂದಾಗಿ ಹಚ್ಚುತ್ತಾ ಕಥೆ ಹೇಳುವುದು. ಚಿತ್ರಗಳೆಲ್ಲ ವಿಲಾಯತಿಯವು. ಕುರುಬರ ಹೆಂಗಸಿಗೆ ಕುರಿಯ ಕಥೆಗಿಂತ ಒಳ್ಳೆಯದು ಯಾವುದಿದೆ ಎಂದು, ಯೇಸು ಹೇಳಿದ ಕಳೆದುಹೋದ ಕುರಿಯ ಕಥೆ ಆರಿಸಿಕೊಂಡಿದ್ದೆ. ಕುರಿಗಳ ಚಿತ್ರ ಹಚ್ಚಿದೆ. ಮಾಯವ್ವ ಹೊರಳಿ ನೋಡಿದಳು.

"ಇವೇನ ಬಾಯಿ, ಹತ್ತಿ ಗಂಟಾ?"

"ಕುರಿ ಅದಾವ್ರಿ."

"ಎಲ್ಲೀವು? ಕಿವಿನ ಇಲ್ಲ. ಇಷ್ಟ ಬೆಳ್ಳಗ ಇದ್ರ ಬಿಸಲಾಗ ಬದಕೂದಿಲ್ಲ. ಇರಲಿ, ಹೇಳು."

ನೂರು ಕುರಿ ಇದ್ದ ಒಬ್ಬ ಕುರುಬನಿದ್ದ, ಒಂದು ಕುರಿ ತಪ್ಪಿಸಿಕೊಂಡಿತು, ಅವನು ತೊಂಬತ್ತೊಂಬತ್ತನ್ನು ಬಿಟ್ಟು ಆ ಒಂದನ್ನು ಹುಡುಕುತ್ತಾ ಹೊರಟ ಎನ್ನುವಲ್ಲಿಗೆ ಬಂದೆ.

"ತಡಿ, ತಡಿ. ತೊಂಬತ್ತೊಂಬತ್ತು ಯಾರ ಹತ್ರ ಬಿಟ್ಟ?"

"ಅಡವ್ಯಾಗ ಬಿಟ್ಟ."

"ಅಡವ್ಯಾಗ ಅಂದ್ರ ತೋಳದ ಬಾಯಾಗ. ಎಲ್ಲಿ ಬಿಟ್ಟ ಅಂತ ಕೇಳಲಿಲ್ಲ ನಾ. ಯಾರ ಹತ್ರ ಬಿಟ್ಟ?"

"ಅದನ್ನ ಕಥಿಯೊಳಗ ಹೇಳಿಲ್ಲರಿ."

"ಹಂಗಾರ ಕುರಿ ಕಾಯದಾಂವ ಹೇಳಿದ ಕಥಿ ಇದು." ಮತ್ತೆ ಗೋಡೆಯ ಕಡೆ ಹೊರಳಿದಳು.

ಸುತ್ತಲಿನ ಹಾಸಿಗೆಗಳಲ್ಲಿ ನಗು. ನನಗೆ ಸಿಟ್ಟು ಬಂದಿತ್ತು. ಯೇಸು ಹೇಳಿದ ಕಥೆಯಲ್ಲಿ ತಪ್ಪು ಹುಡುಕುವುದೇ? ಮುಂದಿನ ಚಿತ್ರ ಕೈಯಲ್ಲೇ ಉಳಿಯಿತು, ಅದನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

ಸಿಸ್ಟರ್ ಕಮಲಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ನೆಟ್ಟಗೆ ಹಾಸಿಗೆಗೆ ಹೋಗಿ ಕೇಳಿದರು: "ಮಾಯವ್ವಾ, ನಿಮ್ಮ ಕುರಿ ಈಗ ಯಾರ ಹತ್ರ ಅದಾವ?"

ಮಾಯವ್ವನಿಗೆ ಅಳು ಒತ್ತಿಕೊಂಡು ಬಂತು. ಸಿದ್ದಪ್ಪ ಒಬ್ಬನೇ. ಹಗಲು ಹಿಂಡಿನ ಹಿಂದೆ ಹೋಗಬೇಕೋ, ಎಳೆ ಮರಿಗಳ ಹತ್ತಿರ ಕೂಡಬೇಕೋ? ತಾನು ಇಲ್ಲಿ ಹದಿನೈದು ದಿನ ಮಲಗಿದರೆ ಮರಿಗಳಲ್ಲಿ ಎಷ್ಟು ಉಳಿದಾವು? ಅಷ್ಟೇ ಅವಳ ಹೆದರಿಕೆ, ಚಾಕುವಿನದಲ್ಲ. ಸಿಸ್ಟರು ಊರ ಕಡೆಯ ರೋಗಿಯೊಬ್ಬರ ಮನೆಯವರ ಕೈಲಿ ಸಿದ್ದಪ್ಪನ ತಮ್ಮನಿಗೆ ಸುದ್ದಿ ಮುಟ್ಟಿಸಿದರು. ಎರಡನೆಯ ದಿನ ತಮ್ಮನೂ ಅವನ ಹೆಂಡತಿಯೂ ಹಿಂಡಿಗೆ ಬಂದು ಸೇರಿದರು. ಆ ಸುದ್ದಿ ಬಂದ ಹೊತ್ತಿಗೇ ಮಾಯವ್ವ ಹೆಬ್ಬೆಟ್ಟು ಚಾಚಿದಳು. ಸ್ನೇಹಲ್, ಇದನ್ನು ನೆನಪಿಡು: ಕಥೆ ಹೇಳುವ ಮೊದಲು ಅವರ ಕುರಿ ಎಲ್ಲಿವೆ ಎಂದು ಕೇಳು.

ಅಂದಿನಿಂದ ದಿನಾ ಬೆಳಿಗ್ಗೆ ಮಾಯವ್ವನ ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸುತ್ತಿದ್ದೆ. ಇಡಲೇ ಎಂದು ಕೇಳುತ್ತಿರಲಿಲ್ಲ; ಯಾರನ್ನೂ ಕೇಳುತ್ತಿರಲಿಲ್ಲ. ಅದು ನಮ್ಮ ಪದ್ಧತಿ, ಹೋಗುವುದು, ಕೈ ಇಡುವುದು. ಅವಳು ತಲೆ ಬಗ್ಗಿಸಿ ಸುಮ್ಮನೆ ಕೂಡುತ್ತಿದ್ದಳು. ಆಪರೇಶನ್ ಚೆನ್ನಾಗಿ ಆಯಿತು. ಆರನೆಯ ದಿನವೋ ಏಳನೆಯ ದಿನವೋ, ನಾನು ಆಮೆನ್ ಎಂದು ಕೈ ತೆಗೆದ ಮೇಲೆ ಅವಳು ಕೇಳಿದಳು:

"ಎಲ್ಲಾರ ತಲಿ ಮ್ಯಾಲ ನೀ ಕೈ ಇಡ್ತಿ. ನಿನ್ನ ತಲಿ ಮ್ಯಾಲ ಯಾರ ಇಡ್ತಾರ?"

"ದೇವರ ಕೈ ಐತಲ್ಲರಿ" ಎಂದೆ. ಅಂಥ ಉತ್ತರಗಳು ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು.

"ಅದು ಕಾಣೂದಿಲ್ಲ. ಕಾಣೂ ಕೈ ಯಾರ್ದು?"

ತಾಯಿ ತೀರಿಹೋದ ಮೇಲೆ ಯಾರದೂ ಇಲ್ಲ ಎಂದು ಆ ಕ್ಷಣಕ್ಕೆ ಲೆಕ್ಕಕ್ಕೆ ಬಂತು. ಬೇರೆ ಹಾಸಿಗೆಯವರು ಕರೆಯುತ್ತಿದ್ದಾರೆ ಎಂದು ಸುಳ್ಳು ಹೇಳಿ ಹೋದೆ.

ಬಿಡುಗಡೆಯ ದಿನ ಮಾಯವ್ವ ಹೊಸ ಸೀರೆ ಉಟ್ಟು, ಸೊಂಟದಿಂದ ಸಣ್ಣ ಬಟ್ಟೆಯ ಚೀಲ ತೆಗೆದಳು. ಬೀರಪ್ಪನ ಭಂಡಾರ, ಅವರ ದೇವರ ಅರಿಸಿನ ಪುಡಿ. ತನ್ನ ಹಣೆಗೆ ಹಚ್ಚಿಕೊಂಡಳು, ನಾದಿನಿಗೆ ಹಚ್ಚಿದಳು, ಒಂದು ಚಿಟಿಕೆ ತೆಗೆದುಕೊಂಡು ನನ್ನ ಕಡೆ ತಿರುಗಿದಳು. "ಬಾ ಬಾಯಿ, ಚಲೋ ಆಗ್ಲಿ ನಿನಗ" ಎಂದು ಕೈ ಚಾಚಿದಳು.

ನಾನು ತಲೆ ಹಿಂದಕ್ಕೆ ಸರಿಸಿದೆ.

ಯೋಚಿಸಿ ಮಾಡಿದ್ದಲ್ಲ. ಬೆಂಕಿ ಹತ್ತಿರ ಬಂದಾಗ ಸರಿಯುತ್ತೇವಲ್ಲ, ಹಾಗೆ. ನಮ್ಮ ಮನೆಯಲ್ಲಿ ಹಣೆ ಬರಿದು. ವಾರ್ಡಿನಲ್ಲಿ ನಮ್ಮ ಚರ್ಚಿನ ಸಭೆಯವರೂ ಇದ್ದರು, ನೋಡಿದರೆ ಏನೆಂದಾರು? ಮಾಯವ್ವನ ಕೈ ಗಾಳಿಯಲ್ಲೇ ನಿಂತಿತ್ತು. ಬೆರಳ ತುದಿಯಲ್ಲಿ ಹಳದಿ. ಅವಳು ಚಿಟಿಕೆಯನ್ನು ಚೀಲಕ್ಕೆ ವಾಪಸ್ ಹಾಕಿ ದಾರ ಎಳೆದು ಕಟ್ಟಿದಳು. "ನಡಿ" ಎಂದು ನಾದಿನಿಗೆ ಹೇಳಿ ಹೊರಟಳು.

ಹದಿನಾಲ್ಕು ದಿನ ಅವಳ ತಲೆಯ ಮೇಲೆ ಕೈ ಇಟ್ಟವಳು ನಾನು. ಒಂದೇ ಒಂದು ದಿನ ಅವಳು ಕೈ ಎತ್ತಿದರೆ ಸರಿದುಬಿಟ್ಟೆ. ಅಂದು ಯಾವ ಹಾಸಿಗೆಯ ಹತ್ತಿರವೂ ನನ್ನ ಕೈ ಮೇಲೇಳಲಿಲ್ಲ. ಮರುದಿನವೂ ಇಲ್ಲ. ಕೆಲಸಕ್ಕೆ ಹೋಗುತ್ತಿದ್ದೆ, ಕ್ಷೇಮ ವಿಚಾರಿಸುತ್ತಿದ್ದೆ, ಪ್ರಾರ್ಥನೆ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮನೆಯಲ್ಲಿ ನಿಂತುಹೋಗಿದ್ದು ಈಗ ವಾರ್ಡಿನಲ್ಲೂ ನಿಂತಿತು. ಎರಡು ತಿಂಗಳು ಹೀಗೇ ನಡೆಯಿತು.

ಕೊನೆಗೆ ಪಾಳಕ ಸಾಹೇಬರ ಕೋಣೆಗೆ ಹೋದೆ. ಇಲ್ಲಿನ ಸಭೆಗಳಲ್ಲಿ ಪಾಸ್ಟರರನ್ನು ಪಾಳಕ ಎನ್ನುತ್ತಾರೆ. ಅವರೇ ನನ್ನ ಮೇಲಧಿಕಾರಿ. ಶಿಸ್ತಿನ ಮನುಷ್ಯ, ಚಪ್ಪಲಿ ವಕ್ರವಾಗಿ ಬಿಟ್ಟರೂ ಎದ್ದು ಬಂದು ಸರಿ ಮಾಡುವವರು. ಭಂಡಾರದ ಮಾತು ಎತ್ತಿದರೆ ಸರಿದದ್ದೇ ಸರಿ ಎಂದು ಬೆನ್ನು ತಟ್ಟುತ್ತಾರೆ ಎಂದುಕೊಂಡಿದ್ದೆ. ಬರಿದಾದ ಹಂಡೆಯ ಸಂಗತಿಯನ್ನೂ ಸೇರಿಸಿ ಎಲ್ಲ ಹೇಳಿದೆ. ಕೆಲಸ ಹೋದರೆ ಹೋಗಲಿ ಎನ್ನುವ ಹಂತಕ್ಕೆ ಬಂದಿದ್ದೆ.

ಅವರು ಪೆನ್ನಿಗೆ ಟೊಪ್ಪಿಗೆ ತಿರುಗಿಸಿ ಹಾಕಿ ಮೇಜಿನ ಮೇಲೆ ನೆಟ್ಟಗೆ ಇಟ್ಟರು. ಮಾತು ಮರಾಠಿಯದು, ನಾನು ಕನ್ನಡದಲ್ಲಿ ಬರೆಯುತ್ತೇನೆ. "ಭಂಡಾರ ಬೇಡವಾಗಿದ್ದರೆ ಬೇಡ ಎನ್ನಲು ನಿನಗೆ ಬಾಯಿ ಇತ್ತು. ಅದನ್ನು ಹೇಳಿ ಅವಳ ಕೈ ಹಿಡಿದುಕೊಳ್ಳಬಹುದಿತ್ತು. ತಲೆ ಯಾಕೆ ಸರಿಸಿದೆ?"

"ಗೊತ್ತಿಲ್ಲ ಸಾಹೇಬರೇ."

"ನನಗೂ ಗೊತ್ತಿಲ್ಲ. ನಾನಿದ್ದರೆ ನಾನೂ ಸರಿಯುತ್ತಿದ್ದೆ. ಹೋಗಿ ಅವಳನ್ನೇ ಕೇಳು." ಆಮೇಲೆ ತಮಗೇ ಹೇಳಿಕೊಂಡಂತೆ, "ಒಳಗಿನ ಮಾತು ನಿಂತದ್ದು ನಿನಗೊಬ್ಬಳಿಗೇ ಎಂದು ತಿಳಿಯಬೇಡ" ಎಂದರು. ಆ ಮಾತನ್ನು ಅವರು ಮತ್ತೆ ಎಂದೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕುರುಬರನ್ನು ಎಲ್ಲಿ ಹುಡುಕುವುದು? ಇವತ್ತು ಈ ಹೊಲ, ನಾಳೆ ಆ ಹೊಲ. ವಾರ್ಡಿಗೆ ಬಂದ ರೈತರನ್ನೆಲ್ಲ "ನಿಮ್ಮ ಕಡೆ ಕುರಿ ಬಂದಾವೇನ್ರಿ?" ಎಂದು ಕೇಳತೊಡಗಿದೆ. ಪ್ರಾರ್ಥನಿ ಬಾಯಿಗೆ ತಲೆ ಕೆಟ್ಟಿದೆ ಎಂದು ಕೆಲವರು ನಕ್ಕರು. ಮಾಲಗಾಂವದ ದ್ರಾಕ್ಷಿ ತೋಟದ ಹೆಂಗಸೊಬ್ಬಳು, "ನಮ್ಮ ಕಬ್ಬ ಕಡದ ಹೊಲದಾಗ ನಿಂತಾವ್ರಿ, ಗೊಬ್ಬರಕ್ಕ. ಕುರುಬನ ಹೇಣ್ತಿ ಹೊಟ್ಟಿ ಆಪರೇಶನ್ ಆದಾಕಿ ಅಂತ. ಸೋಮವಾರ ಮುಂದ ಹೋಗ್ತಾರ" ಎಂದಳು.

ಅಂದು ಶನಿವಾರ. ಭಾನುವಾರ ಎಂದರೆ ನನ್ನ ದೊಡ್ಡ ಕೆಲಸದ ದಿನ. ಇಡೀ ವಾರ್ಡಿಗೆ ಆರಾಧನೆ; ಆ ಎರಡು ತಿಂಗಳು ಅದನ್ನು ಹಾಡು, ಬೈಬಲ್ ಓದಿನಿಂದಲೇ ಸಾಗಿಸಿದ್ದೆ. ಅದನ್ನು ಬಿಟ್ಟು ಹೋಗಬೇಕು. ಸಿಸ್ಟರ್ ಕಮಲಾಗೆ ಹೇಳಿದೆ. ಅವರು ಎಂದೂ ದೊಡ್ಡದಾಗಿ ಪ್ರಾರ್ಥಿಸಿದವರಲ್ಲ. "ಹೋಗ್ರಿ. ನಾ ನೋಡ್ತೇನಿ. ನಂಗ ಹಾಡಾಕ ಬರೂದಿಲ್ಲ, ಅದೊಂದ ಕೇಳಬ್ಯಾಡ್ರಿ" ಎಂದರು.

ಮಾಲಗಾಂವದಲ್ಲಿ ಬಸ್ಸಿಳಿದು ಕೇಳುತ್ತಾ ಹೋದೆ. ಕಬ್ಬಿನ ಕೂಳೆ ಚಪ್ಪಲಿಗೆ ಚುಚ್ಚುತ್ತಿತ್ತು. ಸಿದ್ದಪ್ಪನೂ ಅವನ ತಮ್ಮನೂ ಹಿಂಡನ್ನು ಮೇಯಿಸಲು ಹೋಗಿದ್ದರು. ಬಲೆ ಕಟ್ಟಿದ ಆವರಣದಲ್ಲಿ ಎಳೆ ಮರಿಗಳು, ಹೊರಗೆ ಕಂಬಳಿಯ ಮೇಲೆ ಮಾಯವ್ವ. ನಾಯಿ ಬೊಗಳಿತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

"ಪ್ರಾರ್ಥನಿ ಬಾಯಿ! ಇಲ್ಲಿಗ್ಯಾಕ ಬಂದಿ? ಯಾರಿಗರ ಏನರ ಆತೇನ?"

"ಯಾರಿಗೂ ಏನೂ ಆಗಿಲ್ಲರಿ. ಅವತ್ತ ನಾ ತಲಿ ಸರಸಿದ್ನಿ. ಅದಕ್ಕ ಬಂದೇನಿ."

ಅಯ್ಯೋ ಬಿಡು ಎನ್ನುತ್ತಾಳೆ ಎಂದುಕೊಂಡಿದ್ದೆ. ಅನ್ನಲಿಲ್ಲ. "ಹೌದು, ಸರಸಿದ್ದಿ" ಎಂದಳು. "ನಾ ಹೊಲಸ ಅದೇನೇನೋ ಅಂತ ಹಾದಿ ತುಂಬ ಕೈ ನೋಡ್ಕೊಂಡ ಬಂದ್ನಿ."

ಅವಳ ಕೈ ನೋಡುತ್ತಾ ಹೇಳಿದೆ: "ಹಂಗಲ್ಲರಿ. ಭಂಡಾರ ಹಚ್ಚಿಕೊಳ್ಳೂದು ನಮ್ಮಲ್ಲಿಲ್ಲ. ಅದನ್ನ ಬಾಯಿಲೆ ಹೇಳಬೇಕಿತ್ತು. ನಿಮ್ಮ ಕೈ ಬೇಕಾಗಿತ್ತು ನನಗ. ಭಾಳ ಬೇಕ ಆಗಿತ್ತು."

"ಬೇಕಂದ್ರ ಕೇಳಬೇಕಿಲ್ಲೇನ, ಹುಚ್ಚಿ?"

ಎದ್ದು ತಂಬಿಗೆಯಲ್ಲಿ ನೀರು ತೆಗೆದುಕೊಂಡು ಬಲಗೈ ತೊಳೆದಳು. ಬೆರಳ ಗೆರೆಗಳಲ್ಲಿದ್ದ ಹಳದಿ ಹೋಗುವ ತನಕ ತಿಕ್ಕಿದಳು, ಸೆರಗಿಗೆ ಒರೆಸಿದಳು. ನಾನು ಬೇಡ ಎಂದಿದ್ದನ್ನು ಅಷ್ಟು ಮನ್ನಿಸಿದಳು. ನಂತರ ನನ್ನ ತಲೆಯ ಮೇಲೆ ಕೈ ಇಟ್ಟಳು. ಕೈ ತಣ್ಣಗಿತ್ತು, ಉಣ್ಣೆಯ ವಾಸನೆ ಇತ್ತು. ನನ್ನ ಹಾಗೆ ಕಣ್ಣು ಮುಚ್ಚಿ, ನನ್ನ ಹಾಗೆಯೇ ಗಟ್ಟಿಯಾಗಿ ಹೇಳಿದಳು:

"ಬೀರಪ್ಪಾ, ಈಕಿ ನಿನ್ನಾಕಿ ಅಲ್ಲ. ಈಕಿ ಯಾರಾಕಿ ಅದಾಳೋ, ಅಂವ ಈಕಿನ್ನ ನೋಡಿಕೊಳ್ಳಲಿ."

ಕಾಲಲ್ಲಿ ಬಲ ಉಳಿಯಲಿಲ್ಲ. ಹೊಲದಲ್ಲೇ ಕುಳಿತುಬಿಟ್ಟೆ. ಎಷ್ಟೋ ವರ್ಷಗಳ ನಂತರ ನನ್ನ ಬಾಯಿಂದ ನನಗಾಗಿ ಒಂದು ಪ್ರಾರ್ಥನೆ ಬಂತು. "ಯೇಸುವೇ, ನಾ ನಿನ್ನಾಕಿ." ಅಷ್ಟೇ. ಡಾಕ್ಟರು, ಸೈನಿಕರು ಯಾರೂ ಅದರಲ್ಲಿರಲಿಲ್ಲ. ಆಮೇಲೆ ಮಾತು ನಿಂತಿತು. ಸಮಡೋಳಿಯ ಅಜ್ಜಿಯ ಪಕ್ಕ ಹೆದರಿ ಎದ್ದಿದ್ದೆನಲ್ಲ, ಅದೇ ಮೌನ. ಈ ಸಲ ಹೆದರಿಕೆಯಾಗಲಿಲ್ಲ. ತುಂಬಿತ್ತು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಮಾಯವ್ವ ಚಹಾ ಕಾಸಿದಳು. ಕುಡಿಯುವಾಗ, "ಅವತ್ತ ಆ ಕಥಿ ಅರ್ಧಕ್ಕ ಬಿಟ್ಟಿ. ಕುರಿ ಸಿಕ್ಕಿತ ಇಲ್ಲ?" ಎಂದಳು.

"ಸಿಕ್ಕಿತ್ರಿ. ಅಂವ ಅದನ್ನ ಹೆಗಲ ಮ್ಯಾಲ ಹೊತಗೊಂಡು ಮನಿಗಿ ಬಂದ. ಮಂದಿನ್ನೆಲ್ಲಾ ಕರದು ಸಂತೋಷ ಪಟ್ಟ." ನಾನು ಅಂದು ಚೀಲಕ್ಕೆ ಹಾಕಿಕೊಂಡ ಚಿತ್ರ ಅದೇ.

ಮಾಯವ್ವ ಚಹಾದ ಬಸಿ ಕೆಳಗಿಟ್ಟಳು. "ಹೆಗಲ ಮ್ಯಾಲ? ಹೊಡಕೊಂಡ ಬರಲಿಲ್ಲ?"

"ಇಲ್ಲರಿ, ಹೊತಗೊಂಡ."

"ಹಂಗಾರ ಕಥಿ ಹೇಳಿದಾಂವ ಖರೇ ಕುರುಬ ಅದಾನ ಬಾಯಿ. ತಪ್ಪಿಸಿಕೊಂಡ ಕುರಿ ಸಿಕ್ಕ ಮ್ಯಾಲ ನಡಿಯೂದಿಲ್ಲ. ಹೆದರಿ ಹೆದರಿ ಕಾಲಾಗ ಕಸುವ ಇರೂದಿಲ್ಲ, ಮಡಚಿ ಕುಂತಬಿಡತೈತಿ. ಎಳದ್ರೂ ಏಳೂದಿಲ್ಲ, ಬಡದ್ರೂ ಏಳೂದಿಲ್ಲ. ಹೊತಗೊಂಡ ಬರಬೇಕು. ಇದು ಅಡವ್ಯಾಗ ಹುಡುಕಿದಾಂವಗ ಅಷ್ಟ ಗೊತ್ತ." ಸ್ವಲ್ಪ ಯೋಚಿಸಿ ಸೇರಿಸಿದಳು: "ಹೇಣ್ತಿನ್ನ ಹೇಳೂದು ಮರತಾನ. ತೊಂಬತ್ತೊಂಬತ್ತರ ಹತ್ರ ಅಕಿ ಇದ್ದಿರಬೇಕು."

ನಾನು ಮಣ್ಣಿನಲ್ಲಿ ಕಾಲು ಮಡಚಿ ಕುಳಿತೇ ಇದ್ದೆ. ಅಷ್ಟು ವರ್ಷ ಆ ಕಥೆ ಹೇಳುವಾಗ ನಾನೇ ಕುರುಬ, ಹಾಸಿಗೆಯಲ್ಲಿದ್ದವರು ಕುರಿ ಎಂದು ತಿಳಿದಿದ್ದೆ.

ಸಂಜೆ ವಾರ್ಡಿಗೆ ಬಂದರೆ ಸಿಸ್ಟರ್ ಕಮಲಾ ಒಬ್ಬ ಮುದುಕಿಯ ಕೈ ಹಿಡಿದು ಸ್ಟೂಲಿನ ಮೇಲೆ ಕುಳಿತಿದ್ದರು. ರಜೆಯ ದಿನ, ಮನೆಗೆ ಹೋಗಿರಲಿಲ್ಲ. "ತೊಂಬತ್ತೊಂಬತ್ತೂ ನಿಮ್ಮ ಹತ್ರ ಇದ್ವು" ಎಂದೆ. "ಎಲ್ಲೀ ತೊಂಬತ್ತೊಂಬತ್ತು? ನಲವತ್ತ ಹಾಸಿಗಿ, ನೆಲದ ಮ್ಯಾಲ ಮತ್ತ ಎರಡ" ಎಂದು ರೇಗಿದರು.

ಮಾಯವ್ವ ಕ್ರೈಸ್ತಳಾಗಲಿಲ್ಲ. ಅವಳ ಬೀರಪ್ಪ ಅವಳಿಗೆ, ನನ್ನ ಯೇಸು ನನಗೆ. ಆದರೆ ವರ್ಷಕ್ಕೊಮ್ಮೆ ಹಿಂಡು ಈ ಕಡೆ ಬಂದಾಗ ತಪಾಸಣೆಗೆ ಬರುತ್ತಿದ್ದಳು, ಹೊರರೋಗಿಗಳ ಸಾಲಿನಲ್ಲಿ ಕುಳಿತು ಅಕ್ಕಪಕ್ಕದವರಿಗೆ ಆ ಕಥೆ ಹೇಳುತ್ತಿದ್ದಳು. ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ಅವಳ ಕಥೆಯಲ್ಲಿ ಕುರಿಗಳಿಗೆ ಕರಿ ಬಣ್ಣ, ಜೋಲು ಕಿವಿ. ಕುರುಬನಿಗೆ ಹೆಂಡತಿ ಇರುತ್ತಿದ್ದಳು. ಹೆಂಡತಿಯನ್ನು ನಾನೂ ಸೇರಿಸಿಕೊಂಡೆ. ಪಾಳಕ ಸಾಹೇಬರು ಒಮ್ಮೆ ಕೇಳಿಸಿಕೊಂಡು, "ಇದು ಎಲ್ಲಿ ಬರೆದಿದೆ?" ಎಂದರು. "ಬರೆದಿಲ್ಲ ಸಾಹೇಬರೇ, ಅದಕ್ಕೇ ಹೇಳುತ್ತಿದ್ದೇನೆ" ಎಂದೆ. ಅವರು ನನ್ನ ಚಪ್ಪಲಿ ನೆಟ್ಟಗೆ ಮಾಡಿ ಹೋದರು.

ಪದ್ಧತಿಗಳು ಆಮೇಲೆ ಬಹಳ ಬದಲಾದವು. ಹಲಗೆ ಹೋಗಿ ಕ್ಯಾಸೆಟ್ ಬಂತು, ಅದು ಹೋಗಿ ಮೊಬೈಲು ಬಂತು. ಈಗ ರೋಗಿ ಬೇಕು ಎಂದರೆ ಮಾತ್ರ ಪ್ರಾರ್ಥನೆ, ಅದಕ್ಕೊಂದು ಫಾರ್ಮು. ನಮ್ಮವರಲ್ಲಿ ಕೆಲವರಿಗೆ ಈ ಕಟ್ಟುಪಾಡು ಕಿರಿಕಿರಿ. ನನಗೆ ಇಲ್ಲ. ಫಾರ್ಮು ಬರುವ ಎಷ್ಟೋ ಮೊದಲೇ, ಮಾಲಗಾಂವದಿಂದ ಬಂದ ಮರುದಿನದಿಂದಲೇ, ನಾನು ಕೇಳಿ ಕೈ ಇಡುತ್ತಿದ್ದೆ. ಬೇಡ ಎಂದವರು ಇದ್ದರು. ಅವರ ಪಕ್ಕ ಸುಮ್ಮನೆ ಕೂಡುವುದನ್ನು ಕಲಿತೆ. ನನಗೆ ಸಿಕ್ಕಿದ್ದನ್ನು ಹಂಚಬೇಕು ಎಂಬ ಆಸೆ ಕಡಿಮೆಯಾಗಲಿಲ್ಲ, ಹೆಚ್ಚೇ ಆಯಿತು. ಕೇಳಿದವರಿಗೆ ಯೇಸುವಿನ ಬಗ್ಗೆ ಹೇಳುವಾಗ ಧ್ವನಿಯಲ್ಲಿ ಮೊದಲು ಇರದ ಧೈರ್ಯ ಇತ್ತು, ಯಾಕೆಂದರೆ ಈಗ ಉಂಡವಳೇ ಬಡಿಸುತ್ತಿದ್ದೆ.

ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಲು ಅದೇ ಆಸ್ಪತ್ರೆಗೆ ಸೇರಿದೆ. ಹಾಸಿಗೆಯಲ್ಲಿ ಮಲಗಿ ಆ ಛಾವಣಿ ನೋಡಿದ್ದು ಅದೇ ಮೊದಲು. ಈ ಬರಹದ ಅರ್ಧ ಭಾಗ ಸ್ನೇಹಲ್ ಅಷ್ಟರಲ್ಲಿ ಓದಿದ್ದಳು. ಬೆಳಿಗ್ಗೆ ಬಂದವಳು ಒಂದು ಮಾರು ದೂರದಲ್ಲೇ ನಿಂತಳು. ಮರಾಠಿ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

"ಮಾವಶಿ, ತಲಿ ಮ್ಯಾಲ ಕೈ ಇಡ್ಲೇನ್ರಿ?"

ಕೇಳಿದ್ದೆಯಲ್ಲ ಸ್ನೇಹಲ್, ಮೊದಲ ಮಾತು ಏನು ಎಂದು? ಇದೇ ಅದು, ನೀನೇ ಹೇಳಿದೆ. "ಇಡವ್ವಾ" ಎಂದೆ. ಇಟ್ಟಳು. ಪ್ರಾರ್ಥನೆ ಚಿಕ್ಕದಾಗಿತ್ತು, ಅರ್ಧ ಕನ್ನಡ, ಅರ್ಧ ಮರಾಠಿ. ಮುಗಿದ ಮೇಲೆ ಮುಂದಿನ ಹಾಸಿಗೆಗೆ ಹೊರಡಲು ತಿರುಗಿದಳು.

"ತಡಿ. ನಿನ್ನ ತಲಿ ಮ್ಯಾಲ ಯಾರ ಇಡ್ತಾರ?" ಎಂದೆ.

ಹುಡುಗಿ ಬೆಚ್ಚಿದಳು. ಅವಳ ಮುಖದಲ್ಲಿ ನಾನು ಬಲ್ಲ ಒಂದು ಹೆದರಿಕೆ ಬಂದು ಹೋಯಿತು. ನಾನು ಮಲಗಿದಲ್ಲಿಂದಲೇ ಕೈ ಎತ್ತಿ, "ಇಡ್ಲೇನ?" ಎಂದು ಕೇಳಿದೆ. ಅವಳು ಸ್ಟೂಲು ಎಳೆದುಕೊಂಡು ಕುಳಿತು, ತಲೆ ಬಗ್ಗಿಸಿದಳು.